ಎಡಗೈಯಲ್ಲಿ ತಳ್ಳಿದವರ ಓಟ

ಮ್ಯಾನೇಜ್‌ಮೆಂಟ್ ಕಾಲೇಜುಗಳು ಅನಂತಪುರದ ಸ್ಥಳಪುರಾಣವನ್ನು ಪಠ್ಯಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು. ಕುಂಬಳೆಯ ಹತ್ತಿರ, ಮುರಕಲ್ಲಿನ ಗುಡ್ಡದ ನಡುವಿನ ಕೆರೆಯಲ್ಲಿ ಅನಂತಪದ್ಮನಾಭನ ದೇವಸ್ಥಾನವಿದೆ. ಹಿಂದೆ ಅಲ್ಲಿ ವಿಲ್ವಮಂಗಲ ಸ್ವಾಮಿಗಳು ತಪಸ್ಸಿಗೆ ಕೂತಿದ್ದಾಗ ಎಲ್ಲಿಂದಲೋ ಬಂದ ಹುಡುಗನೊಬ್ಬ ಸೇವೆಗೆ ನಿಂತನಂತೆ. ಅವನು ಹಾಕಿದ ಷರತ್ತು ಒಂದೇ: ಅವಮಾನವಾದ ಕ್ಷಣವೇ ಹೊರಟುಬಿಡುತ್ತೇನೆ. ಹುಡುಗ ಕೆಲಸದಲ್ಲಿ ಚುರುಕು, ತುಂಟತನದಲ್ಲಿ ಇನ್ನೂ ಚುರುಕು. ಒಂದು ದಿನ ಪೂಜೆಯ ಹೊತ್ತಿಗೆ ಕೀಟಲೆ ಅತಿಯಾಗಿ, ಸ್ವಾಮಿಗಳು ಅವನನ್ನು ಎಡಗೈಯಿಂದ ತಳ್ಳಿದರು. ಹುಡುಗ ನೋಟಿಸ್ ಪೀರಿಯಡ್ಡಿನ ಗೋಜಿಗೂ ಹೋಗಲಿಲ್ಲ. ನೋಡಬೇಕೆನಿಸಿದರೆ ಅನಂತನ ಕಾಡಿಗೆ ಬನ್ನಿ ಎಂದು ಹೇಳಿ ಗುಹೆಯೊಳಗೆ ಮಾಯವಾದ. ಕೈಬಿಟ್ಟು ಹೋದವನು ಯಾರೆಂಬುದು ಸ್ವಾಮಿಗಳಿಗೆ ಹೊಳೆದದ್ದು ಆಮೇಲೆ. ಬೆನ್ನು ಹತ್ತಿ ಹೋದರು. ದರ್ಶನವಾದದ್ದು ತಿರುವನಂತಪುರದಲ್ಲಿ.

ಅನಂತಪುರದಿಂದ ಅಲ್ಲಿಗೆ ಈಗಿನ ದಾರಿಯ ಲೆಕ್ಕದಲ್ಲಿ 550 ಕಿಲೋಮೀಟರಿಗೂ ಹೆಚ್ಚು. ಒಂದು ಮ್ಯಾರಥಾನ್ ಎಂದರೆ 42.195 ಕಿ.ಮೀ. ಒಳ್ಳೆಯ ಸಹಾಯಕನೊಬ್ಬನನ್ನು ತಳ್ಳಿದ್ದಕ್ಕೆ ಸ್ವಾಮಿಗಳು ಹದಿಮೂರು ಮ್ಯಾರಥಾನಿನಷ್ಟು ದೂರ ಹೋಗಬೇಕಾಯಿತು. ಕಾಲಿಗೆ ಬೂಟಿಲ್ಲ, ಕೊನೆಗೆ ಕೊರಳಿಗೆ ಪದಕವೂ ಇಲ್ಲ. ಗುಹೆಯನ್ನು ಈಗಲೂ ತೋರಿಸುತ್ತಾರೆ. 2022ರ ಅಕ್ಟೋಬರಿನವರೆಗೆ ಅದರ ಕಾವಲಿಗೆ ಬಬಿಯಾ ಎಂಬ ಮೊಸಳೆ ಇತ್ತು. ಅದು ನೈವೇದ್ಯದ ಅನ್ನ ತಿನ್ನುವ ಸಾಧು ಎಂದು ಹೆಸರಾಗಿದ್ದರೂ, ಸ್ವಾಮಿಗಳ ಹಾದಿಯಲ್ಲಿ ಅಭ್ಯಾಸ ಮಾಡುತ್ತೇನೆಂದು ಹೊರಟ ಓಟಗಾರರ ಸುದ್ದಿಯಿಲ್ಲ.

ಈ ಕಾಲದ ಮ್ಯಾನೇಜರ್ ಮಹಾಶಯರು ಓಡುವುದು ಬೇರೆ ಕಾರಣಕ್ಕೆ. 2004ರಲ್ಲಿ ಮುಂಬೈ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಶುರುವಾದವು. ನೋಡನೋಡುತ್ತಿದ್ದಂತೆ ಓಟವು ಆಫೀಸಿನವರ ಹೊಸ ವ್ರತವಾಯಿತು. ಭಾನುವಾರ ಪದಕ ಕಚ್ಚಿಕೊಂಡು ಫೋಟೊ, ಸೋಮವಾರ ಅದೇ ಫೋಟೊ ಮೀಟಿಂಗಿನ ಪರದೆಯ ಮೇಲೆ. ವ್ಯಾಪಾರ ಎಂದರೆ ಮ್ಯಾರಥಾನ್ ಕಣ್ರೀ, ತಾಳ್ಮೆ ಮುಖ್ಯ ಎಂದು ಹತ್ತು ನಿಮಿಷ ಉಪದೇಶ. ಹನ್ನೊಂದನೆಯ ನಿಮಿಷಕ್ಕೆ, ಆ ವರದಿ ಸಂಜೆಯೊಳಗೆ ನನ್ನ ಮೇಜಿನ ಮೇಲಿರಬೇಕು ಎಂಬ ಆಜ್ಞೆ. ಸ್ವಂತಕ್ಕೆ ಮ್ಯಾರಥಾನ್, ಕೈಕೆಳಗಿನವರಿಗೆ ಕಂಬಳ. ಕೋಣಗಳ ಪುಣ್ಯ, ಅವುಗಳ ಓಟ ನೂರೈವತ್ತು ಮೀಟರಿನ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ.

ಮೀಟಿಂಗಿನ ಪರದೆಯ ಮೇಲೆ ತಪ್ಪದೆ ಬರುವ ಇನ್ನೊಂದು ಮುಖ ಕೆನ್ಯಾದ ಎಲಿಯುಡ್ ಕಿಪ್‌ಚೋಗೆಯದು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಆತ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ. ಪರದೆಯ ಫೋಟೊದಲ್ಲಿ ಆತನೊಬ್ಬನೇ ಇರುತ್ತಾನೆ. ಉಳಿದವರನ್ನು ಕತ್ತರಿಸಿ ತೆಗೆದಿರುತ್ತಾರೆ. ಉಳಿದವರ ಸಂಖ್ಯೆ ಸಣ್ಣದಲ್ಲ, 41 ಮಂದಿ! ಸರದಿಯ ಮೇಲೆ ಬಂದು, ಐವರು ಮುಂದೆ, ಇಬ್ಬರು ಹಿಂದೆ ನಿಂತು, ಗಾಳಿಯನ್ನು ತಮ್ಮ ಎದೆಗೆ ತೆಗೆದುಕೊಂಡು, ಕಿಲೋಮೀಟರಿಗೆ 2 ನಿಮಿಷ 50 ಸೆಕೆಂಡಿನ ವೇಗ ತಪ್ಪದಂತೆ ಓಡಿದವರು. ಅವರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮ್ಯಾಥ್ಯೂ ಸೆಂಟ್ರೊವಿಟ್ಜ್ ಕೂಡ ಇದ್ದ. ಗುರಿ ಕಣ್ಣಿಗೆ ಬಿದ್ದೊಡನೆ ಎಲ್ಲರೂ ಹಿಂದೆ ಸರಿದು ಆತನೊಬ್ಬನನ್ನೇ ಮುಂದೆ ಬಿಟ್ಟರು. ಇಷ್ಟೆಲ್ಲ ನೆರವು ಇದ್ದುದರಿಂದ ಅದು ಅಧಿಕೃತ ದಾಖಲೆಯಾಗಲಿಲ್ಲ, ಆ ಮಾತು ಬೇರೆ. ಮ್ಯಾನೇಜರ್ ಈ ಚಿತ್ರ ನೋಡುವಾಗ ತನ್ನನ್ನು ಕಿಪ್‌ಚೋಗೆ ಎಂದುಕೊಂಡಿರುತ್ತಾನೆ. ಅವನಿಗೆ ಸಂಬಳ ಸಿಗುತ್ತಿರುವುದು ಆ 41ರಲ್ಲಿ ಒಬ್ಬನಾಗಿರುವುದಕ್ಕೆ.

ಇದಕ್ಕಿಂತ ಸೊಗಸಾದ ಏರ್ಪಾಡು ದಕ್ಷಿಣ ಆಫ್ರಿಕದ ಕಾಮ್ರೇಡ್ಸ್ ಮ್ಯಾರಥಾನಿನದು. 1921ರಲ್ಲಿ ಆರಂಭವಾದ ಈ ಓಟ ಡರ್ಬನ್ ಮತ್ತು ಪೀಟರ್‌ಮ್ಯಾರಿಟ್ಜ್‌ಬರ್ಗ್ ಊರುಗಳ ನಡುವೆ ಗುಡ್ಡ ಹತ್ತಿ ಇಳಿದು ಸುಮಾರು 90 ಕಿ.ಮೀ. ಸಾಗುತ್ತದೆ. ಹನ್ನೆರಡು ಗಂಟೆ ಮುಗಿದ ಕೂಡಲೇ ಅಧಿಕಾರಿಯೊಬ್ಬರು ಓಟಗಾರರಿಗೆ ಬೆನ್ನು ಹಾಕಿ ನಿಂತು ಗುಂಡು ಹಾರಿಸುತ್ತಾರೆ. ಆಮೇಲೆ ಒಂದು ಹೆಜ್ಜೆ ತಡವಾಗಿ ಬಂದವರಿಗೂ ಪದಕವಿಲ್ಲ. ಮುಖ ನೋಡಿದರೆ ಕನಿಕರ ಹುಟ್ಟೀತು ಎಂದೇ ಬೆನ್ನು! ಇಂಥ ಓಟದಲ್ಲಿ ಒಂಟಿಯಾಗಿ ಓಡಲು ಹೆದರುವವರಿಗೆಂದು 'ಬಸ್ಸು'ಗಳಿವೆ. ಚಕ್ರದ ಬಸ್ಸಲ್ಲ, ಜನರ ಗುಂಪು. ಇಷ್ಟು ಹೊತ್ತಿಗೆ ಮುಟ್ಟಿಸುತ್ತೇನೆ ಎಂದು ಬಾವುಟ ಹಿಡಿದು ಓಡುವವನು ಅದರ 'ಡ್ರೈವರ್'. ಎಲ್ಲಿ ಓಡಬೇಕು, ಯಾವ ಏರಿನಲ್ಲಿ ನಡೆಯಬೇಕು ಎಂದು ಅವನು ಮೊದಲೇ ಲೆಕ್ಕ ಹಾಕಿರುತ್ತಾನೆ. ದಾರಿಯುದ್ದಕ್ಕೂ ಹಾಡಿಸುತ್ತಾನೆ. ಒಬ್ಬನೇ ಹೋದರೆ ಎಷ್ಟೋ ಮುಂಚೆ ತಲುಪಬಲ್ಲವನು, ಗುಂಪಿಗಾಗಿ ನಿಧಾನ ಮಾಡುತ್ತಾನೆ. ತಾನು ಮೊದಲು ತಲುಪಿ, ಮಿಕ್ಕವರೆಲ್ಲ ಗುಂಡಿನ ಸದ್ದಿಗೆ ಸಿಕ್ಕಿಬಿದ್ದರೆ ಅವನನ್ನು ಯಾರೂ ಡ್ರೈವರ್ ಎನ್ನುವುದಿಲ್ಲ.

ಬೆಂಗಳೂರಿಗೂ ಇಂಥದೊಂದು ಪಾಠ ಬಂದುಹೋಗಿದೆ. 2022ರ ಜುಲೈ 2 ಮತ್ತು 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ–ಓಷಿಯಾನಿಯಾದ 24 ಗಂಟೆಗಳ ಓಟ ನಡೆಯಿತು. ಅಮರ್ ಸಿಂಗ್ ದೇವಂದಾ 257 ಕಿಲೋಮೀಟರಿಗೂ ಹೆಚ್ಚು ಓಡಿ ಚಿನ್ನ ಗೆದ್ದರು. ಅಂದರೆ ಅದೇ 400 ಮೀಟರಿನ ಪಥದಲ್ಲಿ 640ಕ್ಕೂ ಹೆಚ್ಚು ಸುತ್ತು. ಮಾಸಾಂತ್ಯದ ಲೆಕ್ಕಪತ್ರದಲ್ಲೂ ಇಷ್ಟು ಬೇಸರವಿರಲಾರದು. ಭಾರತದ ಪುರುಷರ ತಂಡಕ್ಕೂ ಚಿನ್ನವೇ ಬಂತು. ತಂಡದ ಲೆಕ್ಕ ಹಾಕುವುದು ಮೂವರ ದೂರವನ್ನು ಕೂಡಿಸಿ. ಬೆಳಗಿನ ಜಾವ ಕಾಲೆಳೆದುಕೊಂಡು ಬರುವ ಮೂರನೆಯವನ ಒಂದೊಂದು ಸುತ್ತೂ ಅದರಲ್ಲಿ ಸೇರುತ್ತದೆ.

ರಾತ್ರಿಯಿಡೀ ನಡೆಯುವ ಕೆಲಸಕ್ಕೆ ನಾಯಕ ಹೇಗಿರಬೇಕೆಂದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದದ್ದಿಲ್ಲ. ಯಕ್ಷಗಾನದಲ್ಲಿ ಭಾಗವತರೇ ಮೊದಲನೆಯ ವೇಷ ಎನ್ನುತ್ತಾರೆ. ತಮಾಷೆ ಎಂದರೆ ಅವರಿಗೆ ವೇಷವೇ ಇಲ್ಲ. ರಂಗದ ಹಿಂಬದಿಯಲ್ಲಿ ಕೂತು, ಕುಣಿಯುವವನ ಉಸಿರು ನೋಡಿ ಲಯ ಏರಿಸುತ್ತಾರೆ, ಇಳಿಸುತ್ತಾರೆ. ಎರಡು ಗಂಟೆಗೆ ಬರಬೇಕಾದ ರಾಕ್ಷಸನನ್ನು ಹತ್ತು ಗಂಟೆಗೇ ಕುಣಿಸಿ ಸುಸ್ತು ಮಾಡುವವರು ಭಾಗವತರಾಗಿ ಬಾಳುವುದಿಲ್ಲ.

ಅನಂತಪುರದ ಕೈಗಾರಿಕಾ ಪ್ರದೇಶದ ಒಬ್ಬ ಮ್ಯಾನೇಜರಿಗೆ ಇದೆಲ್ಲ ಮನಸ್ಸಿಗೆ ನಾಟಿತು ಎಂದಿಟ್ಟುಕೊಳ್ಳೋಣ. ಅವರು ತಮ್ಮವರನ್ನು ಕರೆದು, ಭಾನುವಾರ ಎಲ್ಲರೂ ದೇವಸ್ಥಾನದವರೆಗೆ ಓಡೋಣ, ನಾನು ಮುಂದೆ ಹೋಗುವುದಿಲ್ಲ, ಗುಡ್ಡದ ಏರಿನಲ್ಲಿ ಒಟ್ಟಿಗೆ ನಡೆಯೋಣ, ನಿಮ್ಮ ಬಸ್ಸಿನ ಡ್ರೈವರ್ ನಾನೇ ಎಂದು ಘೋಷಿಸುತ್ತಾರೆ. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಕೊನೆಗೆ ಸ್ಟೋರಿನ ಹಿರಿಯ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ: "ಅದೆಲ್ಲ ಸರಿ ಸಾರ್, ನಾವು ಬರ್ತೇವೆ. ಆದರೆ ಈ ಬಸ್ಸು ಭಾನುವಾರ ಮಾತ್ರವೋ, ಸೋಮವಾರವೂ ಉಂಟೋ?"