ಪಾಲಿಮರ್ ಪಿಸ್ತೂಲುಗಳ ತೌಲನಿಕ ಅಧ್ಯಯನ: ಭಾರತೀಯ ಗುರಿಕಾರರಿಗೊಂದು ಕೈಪಿಡಿ

ಹಿಡಿ ಮತ್ತು ಚೌಕಟ್ಟು ಗಟ್ಟಿ ಪ್ಲಾಸ್ಟಿಕ್ಕಿನದು, ನಳಿಗೆ ಮತ್ತು ಮೇಲಿನ ಸ್ಲೈಡು ಉಕ್ಕಿನದು: ಇಂಥ ಕೈಬಂದೂಕನ್ನು ಪಾಲಿಮರ್ ಪಿಸ್ತೂಲು ಎನ್ನುತ್ತಾರೆ. ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಕಂಪನಿ 1970ರಲ್ಲಿ ವಿಪಿ 70 ಎಂಬ ಮಾದರಿಯಿಂದ ಈ ಪರಂಪರೆಗೆ ನಾಂದಿ ಹಾಡಿತು. ಅದನ್ನು ಲೋಕವಿಖ್ಯಾತಗೊಳಿಸಿದವರು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್. ಪಿಸ್ತೂಲಿಗೆ ಕೈಹಾಕುವ ಮುನ್ನ ಅವರ ಕಾರ್ಖಾನೆಯಲ್ಲಿ ಕಿಟಕಿ ಪರದೆಯ ಕಂಬಿಗಳೂ ಸೇನೆಗೆ ಬೇಕಾದ ಚಾಕುಗಳೂ ತಯಾರಾಗುತ್ತಿದ್ದವು. 1980ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಸೇನೆ ಗ್ಲಾಕ್ 17 ಅನ್ನು ಅಂಗೀಕರಿಸಿತು. ಈ ಪರಂಪರೆಯ ಉತ್ಪನ್ನಗಳ ಪೈಕಿ ಭಾರತೀಯ ನಾಗರಿಕನು ಇಂದು ನೇರವಾಗಿ ಅಂಗಡಿಗೆ ಹೋಗಿ ತರಬಹುದಾದದ್ದು ಪರದೆಯ ಕಂಬಿ.

ಅಧ್ಯಯನಕ್ಕೆ ಮೊದಲು ವಸ್ತುವಿನ ಸ್ವರೂಪದ ಬಗ್ಗೆ ಒಂದು ಸ್ಪಷ್ಟೀಕರಣ ಅಗತ್ಯ. ಪಾಲಿಮರ್ ಎಂದು ಅರ್ಜಿಯಲ್ಲಿ ಬರೆದೊಡನೆ ಮೇಜಿನಾಚೆಯ ಗುಮಾಸ್ತರು ಕನ್ನಡಕ ಸರಿಸಿ, "ಪ್ಲಾಸ್ಟಿಕ್ ಪಿಸ್ತೂಲಿಗೆ ಲೈಸೆನ್ಸ್ ಯಾಕೆ ಸ್ವಾಮೀ, ಜಾತ್ರೇಲಿ ಸಿಗುತ್ತಲ್ಲ" ಎಂದು ಕೇಳುವ ಸಂಭವವಿದೆ. ಪ್ರಶ್ನೆ ತಾತ್ತ್ವಿಕವಾಗಿ ಸಮರ್ಪಕವಾಗಿದ್ದು, ಉತ್ತರಿಸುವ ಗೋಜಿಗೆ ಹೋಗದೆ ಜಾತ್ರೆಯ ದಿನಾಂಕವನ್ನು ಗುರುತು ಮಾಡಿಕೊಳ್ಳುವುದು ಲೇಸು. 2022ರ ಜುಲೈ 1ರಿಂದ ದೇಶಾದ್ಯಂತ ಜಾರಿಗೆ ಬಂದ ಏಕಬಳಕೆಯ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಐಸ್‌ಕ್ರೀಂ ಕಡ್ಡಿ, ಬಲೂನಿನ ಕಡ್ಡಿ ಮತ್ತು ಸ್ಟ್ರಾಗಳಿವೆ, ಪಿಸ್ತೂಲು ಇಲ್ಲ. ಪರಿಸರದ ದೃಷ್ಟಿಯಿಂದ ಈ ಆಯುಧಕ್ಕೆ ತಕರಾರಿಲ್ಲವೆಂದೇ ಭಾವಿಸಬೇಕು.

ಮೊದಲ ಮಾನದಂಡ ಗುಂಡಿನ ಅಳತೆ. ಜಗತ್ತಿನ ಹೆಸರಾಂತ ಪಾಲಿಮರ್ ಪಿಸ್ತೂಲುಗಳಲ್ಲಿ ಬಹುಪಾಲು 9 ಎಂ.ಎಂ. ಅಳತೆಯವು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿ ಇದು ನಿಷೇಧಿತ ಬೋರ್. ಆದ್ದರಿಂದ ಗ್ಲಾಕ್ 17ರ ಗುಣಾವಗುಣಗಳನ್ನು ಸಾಮಾನ್ಯ ನಾಗರಿಕನು ಗಣ್ಯರ ಅಂಗರಕ್ಷಕರ ಸೊಂಟದಲ್ಲಿಯೂ ಸಿನಿಮಾದ ಖಳನಾಯಕನ ಕೈಯಲ್ಲಿಯೂ ಅಭ್ಯಸಿಸತಕ್ಕದ್ದು. .22 ಅಳತೆಯ ಗ್ಲಾಕ್ 44 ಮತ್ತು ವಾಲ್ಟರ್ ಪಿ 22 ಬೋರಿನ ದೃಷ್ಟಿಯಿಂದ ನಿರ್ದೋಷಿಗಳು. ಆದರೆ ಸಾಮಾನ್ಯ ಪರವಾನಗಿದಾರರಿಗೆ ವಿದೇಶಿ ಬಂದೂಕಿನ ಆಮದು 1980ರ ದಶಕದಿಂದಲೇ ಮುಚ್ಚಿದ ಬಾಗಿಲು. ಅದಕ್ಕೂ ಮೊದಲು ದೇಶದೊಳಗೆ ಬಂದಿದ್ದ ಹಳೆಯ .32 ವಾಲ್ಟರ್‌ಗಳು ಇಂದು ಲಕ್ಷಗಟ್ಟಲೆ ಬೆಲೆಗೆ ಕೈಬದಲಾಗುತ್ತವೆ. ಅವುಗಳ ಚೌಕಟ್ಟು ಲೋಹದ್ದಾದ್ದರಿಂದ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಬೆಲೆಯಂತೂ ಯಾವ ಅಧ್ಯಯನದ ವ್ಯಾಪ್ತಿಗೂ ಬರುವುದಿಲ್ಲ.

ಆಮದಿನ ಬಾಗಿಲು ತೆರೆಯುವುದು ಕ್ರೀಡಾಪಟುವಿಗೆ. ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ನಿಗದಿತ ಅಂಕ ಗಳಿಸಿ 'ಹೆಸರಾಂತ ಗುರಿಕಾರ' ಎಂಬ ಮಾನ್ಯತೆ ಪಡೆದವನು ತನ್ನ ಸ್ಪರ್ಧೆಗೆ ತಕ್ಕ ಪಿಸ್ತೂಲನ್ನು ತರಿಸಿಕೊಳ್ಳಬಹುದು. ಅಂದರೆ ಸ್ವಂತ ಪಿಸ್ತೂಲು ಬೇಕಾದವನು, ಅದಿಲ್ಲದೆಯೇ ತಾನು ನಿಪುಣನೆಂದು ಮೊದಲು ಕ್ಲಬ್ಬಿನದರಲ್ಲೋ ಎರವಲಿನದರಲ್ಲೋ ತೋರಿಸಿಕೊಡಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಲ್ಲಿ ಪೂರ್ವಿಕರು ಈ ನಿಯಮದ ಕರಡನ್ನು ಎಂದೋ ಸಿದ್ಧಪಡಿಸಿದ್ದರು.

ಎರಡನೆಯ ಮಾನದಂಡ ತೂಕ. ಇದು ಅತ್ಯಂತ ಫಲವತ್ತಾದ ಕ್ಷೇತ್ರ. ಖಾಲಿ ಮ್ಯಾಗಜೀನ್ ಸಮೇತ ಗ್ಲಾಕ್ 17 ಸುಮಾರು 700 ಗ್ರಾಂ ತೂಗುತ್ತದೆ. ಪರವಾನಗಿಯ ಕಡತವು ನಮೂನೆ ಎ-1ರ ಅರ್ಜಿ, ಗುರುತಿನ ಮತ್ತು ವಾಸಸ್ಥಳದ ದಾಖಲೆಗಳು, ಭಾವಚಿತ್ರ, ವೈದ್ಯಕೀಯ ಪ್ರಮಾಣಪತ್ರ, ತರಬೇತಿಯ ಪ್ರಮಾಣಪತ್ರ ಇವುಗಳೊಂದಿಗೆ ತೀರ ಹಗುರವಾಗಿ ಜನ್ಮತಾಳುತ್ತದೆ. ಟಪಾಲು ವಿಭಾಗದಲ್ಲಿ ಆವಕ ಸಂಖ್ಯೆ ಬಿದ್ದ ಮೇಲೆ ಅದರ ಬೆಳವಣಿಗೆ ಆರಂಭ. ಠಾಣೆಯ ವರದಿ, ವರದಿ ಅಪೂರ್ಣವೆಂಬ ಷರಾ, ಷರಾಕ್ಕೆ ವಿವರಣೆ, ವಿವರಣೆಯ ಮೂರು ದೃಢೀಕೃತ ಝೆರಾಕ್ಸು ಪ್ರತಿಗಳು, ಮೂಲ ವರದಿ ಸಿಗುತ್ತಿಲ್ಲವೆಂಬ ಟಿಪ್ಪಣಿ. ಸಾಮಾನ್ಯವಾಗಿ ಎರಡನೆಯ ಮಳೆಗಾಲದ ಹೊತ್ತಿಗೆ ಕಡತವು ಪಿಸ್ತೂಲನ್ನು ತೂಕದಲ್ಲಿ ಹಿಂದಿಕ್ಕುತ್ತದೆ. ಬಿಳಿ ಟ್ಯಾಗು ದಾರ ಮೇಲಿನ ಮೂಲೆಯ ತೂತನ್ನು ಹರಿದುಕೊಂಡು ಹೊರಬರುವುದು ಇದರ ಬಾಹ್ಯ ಲಕ್ಷಣ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 25 ಮೀಟರ್ ಸ್ಪರ್ಧೆಯ ಪಿಸ್ತೂಲು 1,400 ಗ್ರಾಂ ಮೀರಕೂಡದು. 300, 150 ಮತ್ತು 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಲೂ ಬೇಕು. ಪ್ರೌಢಾವಸ್ಥೆಗೆ ಬಂದ ಕಡತ ಈ ಎರಡೂ ಪರೀಕ್ಷೆಗಳಲ್ಲಿ ಅನರ್ಹಗೊಳ್ಳುವುದರಿಂದ ಅದನ್ನು ಹಿಡಿದು ಸ್ಪರ್ಧೆಗಿಳಿಯುವುದು ಉಚಿತವಲ್ಲ.

ಮೂರನೆಯದು ಟ್ರಿಗರಿನ ಒತ್ತಡ. ಗ್ಲಾಕ್‌ನ ಟ್ರಿಗರನ್ನು ಎಳೆಯಲು ಸುಮಾರು ಎರಡೂವರೆ ಕಿಲೋ ಬಲ ಬೇಕು. 25 ಮೀಟರ್ ಕ್ರೀಡಾ ಪಿಸ್ತೂಲಿಗೆ ಕನಿಷ್ಠ 1,000 ಗ್ರಾಂ, ಏರ್ ಪಿಸ್ತೂಲಿಗೆ 500 ಗ್ರಾಂ. ಸಹಿಗಾಗಿ ಕಾದಿರುವ ಕಡತದ ಮೇಲೆ ಲೇಖನಿಯನ್ನು ಚಲಿಸುವಂತೆ ಮಾಡಲು ಬೇಕಾದ ಒತ್ತಡವನ್ನು ಗ್ರಾಂಗಳಲ್ಲಿ ಅಳೆಯುವ ಪದ್ಧತಿಯಿಲ್ಲ. ಅದನ್ನು ದೂರವಾಣಿ ಕರೆಗಳಲ್ಲಿ ಅಳೆಯುತ್ತಾರೆ. ಸಾಹೇಬರು ವಿಡಿಯೊ ಸಭೆಯಲ್ಲಿರುವ ದಿನಗಳಲ್ಲಿ ಈ ಮಾಪನ ವಿಶ್ವಾಸಾರ್ಹವಲ್ಲ.

ಇನ್ನು ಕ್ರೀಡಾಂಗಣದಲ್ಲಿನ ಸಾಧನೆ. ಒಲಿಂಪಿಕ್ಸ್‌ನ ಸಾಲಿನಲ್ಲಿ ನಿಂತವರ ಕೈಯಲ್ಲಿ ಕಾಣುವುದು ಮೊರಿನಿ, ಪಾರ್ದಿನಿ, ವಾಲ್ಟರ್, ಸ್ಟೈಯರ್ ಮುಂತಾದವರ ವಿಶೇಷ ಪಿಸ್ತೂಲುಗಳು. ಅವುಗಳ ಹಿಡಿ ಹೆಚ್ಚಾಗಿ ಅಕ್ರೋಟು ಮರದ್ದು. ಹೆಬ್ಬೆರಳಿಗೊಂದು ಗುಂಡಿ, ಅಂಗೈ ಬುಡಕ್ಕೊಂದು ಜಾರುಪಟ್ಟಿ, ಜಾರದಿರಲೆಂದು ಮೈತುಂಬ ಚುಚ್ಚಿದ ಚುಕ್ಕೆಗಳು. ಸಾಲದಿದ್ದರೆ ಪುಟ್ಟಿ ಮೆತ್ತಿ, ಉಪ್ಪುಕಾಗದದಿಂದ ಉಜ್ಜಿ ತಮ್ಮ ಕೈಗೆ ಹೊಂದಿಸಿಕೊಳ್ಳುವವರಿದ್ದಾರೆ. ದೂರದಿಂದ ನೋಡಿದವರು ಹಳೆಯ ಮಂಚದ ಕಾಲೆಂದು ಭಾವಿಸಿದರೆ ಅದು ಅವರ ತಪ್ಪಲ್ಲ. ಪಾಲಿಮರ್ ಸೇವಾ ಪಿಸ್ತೂಲುಗಳ ನೆಲೆ ಇರುವುದು ಪ್ರಾಕ್ಟಿಕಲ್ ಶೂಟಿಂಗ್ ಎಂಬ, ಒಲಿಂಪಿಕ್ಸ್‌ಗೆ ಸೇರದ ಬೇರೊಂದು ಆಟದಲ್ಲಿ. ಆದಕಾರಣ ಕ್ರೀಡೆಗಾಗಿ ಪಾಲಿಮರ್ ಪಿಸ್ತೂಲು ಬೇಕೆಂದು ಅರ್ಜಿ ಹಾಕಿ, ಹಲವು ವರ್ಷ ಕಾದು, ಕೊನೆಗೆ ಅದನ್ನು ಪಡೆದೇಬಿಟ್ಟ ಅರ್ಜಿದಾರನನ್ನು ಒಲಿಂಪಿಕ್ಸ್‌ನ ಸಾಲು ಬೇರೆ ಆಟಕ್ಕೆ ಸವಿನಯವಾಗಿ ಕಳುಹಿಸಿಕೊಡುತ್ತದೆ.

2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಪಡೆದ ಎರಡೂ ಕಂಚಿನ ಪದಕಗಳು ಏರ್ ಪಿಸ್ತೂಲಿನವು. ಹೊಡೆತದ ಶಕ್ತಿ 20 ಜೌಲ್ ಮೀರದ .177 ಏರ್ ಪಿಸ್ತೂಲಿಗೆ ನಮ್ಮಲ್ಲಿ ಪರವಾನಗಿ ಬೇಕಿಲ್ಲ. ಸರಬ್‌ಜೋತ್ ಸಿಂಗ್ ಜೊತೆಗೂಡಿ ಅವರು ಕಂಚು ಗೆದ್ದ ಮಿಶ್ರ ತಂಡದ ಸ್ಪರ್ಧೆಯಲ್ಲೇ ಬೆಳ್ಳಿ ಪಡೆದ ಟರ್ಕಿಯ ಯೂಸುಫ್ ಡಿಕೇಚ್, ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಳಿಬಿಟ್ಟು ನಿಂತ ಭಂಗಿ ಲೋಕದ ಗಮನ ಸೆಳೆಯಿತು. ಒಲಿಂಪಿಕ್ಸ್‌ನಲ್ಲಿ ಪಿಸ್ತೂಲು ಒಂದೇ ಕೈಯ ಕ್ರೀಡೆಯಾದ್ದರಿಂದ ಎರಡನೆಯ ಕೈಗೆ ಕೆಲಸವಿರುವುದಿಲ್ಲ. ಕಾರ್ಟ್ರಿಜ್ ಪಿಸ್ತೂಲಿನ ಭಾರತೀಯ ಸ್ಪರ್ಧಿಗಳು ಆ ಕೈಯನ್ನು ಕಡತಕ್ಕೆ ಮೀಸಲಿಡುವುದು ವಾಡಿಕೆ.

ಪರವಾನಗಿಯೇ ಬೇಡದ ಗುರಿಕಾರರೂ ಇದ್ದಾರೆ. ಕೊಡಗಿನ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದಿರುವ ಕೋವಿ ಪರವಾನಗಿಯ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಕೋವಿಯ ಚೌಕಟ್ಟು ಯಾವುದರದ್ದೆಂದು ತೆಂಗಿನಕಾಯಿ ಇದುವರೆಗೆ ವಿಚಾರಿಸಿಲ್ಲ.

ಬಾಳಿಕೆಯ ವಿಷಯದಲ್ಲಿ ಮಾತ್ರ ಪಾಲಿಮರ್ ನಿರ್ವಿವಾದವಾಗಿ ಶ್ರೇಷ್ಠ. ಚುನಾವಣೆ ಘೋಷಣೆಯಾದೊಡನೆ ಪರವಾನಗಿದಾರರು ಸಾಮಾನ್ಯವಾಗಿ ಆಯುಧವನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಾಗುತ್ತದೆ. ಕಾಫಿ ಬೆಳೆಗಾರರ ಕೋವಿಗಳೂ ಆಗ ಅಲ್ಲಿಗೇ ಬರುತ್ತವೆ. ತೋಟಕ್ಕೆ ನುಗ್ಗುವ ಕಾಡುಹಂದಿಗಳು ಚುನಾವಣೆಯ ಮಾದರಿ ನೀತಿ ಸಂಹಿತೆಯ ವ್ಯಾಪ್ತಿಯಿಂದ ಹೊರಗಿವೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿಗಳು ಸರದಿಯಂತೆ ಬರುವ ನಾಡಿನಲ್ಲಿ, ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ, ಠಾಣೆಯ ಮೂಲೆಕೋಣೆಯ ಗೋಡೆಗೊರಗಿದ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಪಾಲಿಮರ್‌ಗೆ ಹಿಡಿಯುವುದಿಲ್ಲ. ಆಸ್ಟ್ರಿಯಾದ ಎಂಜಿನಿಯರುಗಳು ಈ ಉಪಯೋಗವನ್ನು ತಮ್ಮ ಕ್ಯಾಟಲಾಗಿನಲ್ಲಿ ನಮೂದಿಸದಿರುವುದು ಆಶ್ಚರ್ಯಕರ.

ಉಳಿದದ್ದು ಬಣ್ಣ. ಪಾಲಿಮರ್ ಚೌಕಟ್ಟು ಕಪ್ಪು, ಹಸಿರು ಮತ್ತು ಮರಳುಬಣ್ಣಗಳಲ್ಲಿ ದೊರೆಯುತ್ತದೆ. ಅರ್ಜಿಯೊಂದಿಗೆ ಚಿತ್ರ ಲಗತ್ತಿಸುವವರು ಕಪ್ಪನ್ನೇ ಆರಿಸತಕ್ಕದ್ದು. ಮರಳುಬಣ್ಣದ ಪಿಸ್ತೂಲು ಎರಡನೆಯ ಝೆರಾಕ್ಸಿನಲ್ಲಿ ಮಸುಕಾಗಿ ಮೂರನೆಯದರಲ್ಲಿ ಕಾಣೆಯಾಗುತ್ತದೆ. ಆಗ ಚಿತ್ರ ಲಗತ್ತಿಸಿಲ್ಲವೆಂಬ ಷರಾದೊಂದಿಗೆ ಅರ್ಜಿ ವಾಪಸು ಬರುವುದುಂಟು.