ಪ್ರದ್ಯುಮ್ನನಿಧನ ಮೀಮಾಂಸೆ

ಅನುಬಂಧಚತುಷ್ಟಯವನ್ನು ನಿರೂಪಿಸದೆ ಶಾಸ್ತ್ರಗ್ರಂಥವನ್ನು ಆರಂಭಿಸಲಾಗದೆಂಬ ಕಟ್ಟಳೆಯುಂಟಾದುದರಿಂದ ಮೊದಲು ಅದನ್ನು ಮುಗಿಸಿಬಿಡುತ್ತೇನೆ. ಸೋನಿ ವಾಹಿನಿಯಲ್ಲಿ 1998ರ ಜನವರಿಯಿಂದ 2018ರ ಅಕ್ಟೋಬರಿನವರೆಗೆ ನಡೆದು, 1,500ಕ್ಕೂ ಮಿಕ್ಕ ಸಂಚಿಕೆಗಳನ್ನು ಕಂಡು, ಆರು ವರ್ಷ ಯೋಗನಿದ್ರೆಯಲ್ಲಿದ್ದು, 2024ರ ಡಿಸೆಂಬರಿನಲ್ಲಿ ಮತ್ತೆ ಕಣ್ಣು ತೆರೆದ ‘ಸಿ.ಐ.ಡಿ.’ ಎಂಬ ಹಿಂದೀ ಧಾರಾವಾಹಿಯಲ್ಲಿ, 2025ರ ಏಪ್ರಿಲ್ ತಿಂಗಳ ಮೊದಲ ವಾರ, ಮುಂಬಯಿಯ ಎ.ಸಿ.ಪಿ. ಪ್ರದ್ಯುಮ್ನನು ಬಾರ್ಬೋಸಾ ಎಂಬ ಖಳನ ಬಾಂಬಿಗೆ ಆಹುತಿಯಾದನಷ್ಟೆ. ಆ ಸಂಚಿಕೆಯ ವಿಷಯದಲ್ಲಿ ಪ್ರೇಕ್ಷಕರು ತಳೆದ ಮತಗಳೇ ಈ ಪ್ರಬಂಧದ ವಿಷಯ. ಇನ್‌ಸ್ಪೆಕ್ಟರ್ ದಯಾ ಬಾಗಿಲು ಮುರಿಯುವುದನ್ನು ಒಮ್ಮೆಯಾದರೂ ಕಂಡು, ‘ಅಗುಳಿ ಹಾಕಿದೆಯೋ ಇಲ್ಲವೋ ಎಂದು ಮೊದಲು ತಳ್ಳಿ ನೋಡಬಾರದಿತ್ತೆ’ ಎಂದು ಕೇಳದೆ ಇದ್ದವನು ಇದರ ಅಧಿಕಾರಿ. ಪ್ರಯೋಜನವೇನೂ ಇಲ್ಲ. ಸಂಬಂಧವು ಮುಂದೆ ತಿಳಿಯುವುದು.

ಆ ದಿನಗಳಲ್ಲಿ ವಾಹಿನಿಯವರು ಮೃತನಿಗೆ ಶ್ರದ್ಧಾಂಜಲಿಯನ್ನು ಪ್ರಕಟಿಸಿ, ಒಂದು ಯುಗವೇ ಮುಗಿಯಿತೆಂದು ಸಾರಿ, 1998–2025 ಎಂದು ಆಯುಷ್ಯದ ಲೆಕ್ಕವನ್ನೂ ಕೊಟ್ಟರು. ಇಪ್ಪತ್ತೇಳನೆಯ ವಯಸ್ಸಿಗೆ ತಲೆ ನರೆತು, ಹತ್ತಾರು ಪ್ರಳಯಗಳನ್ನು ಕಂಡ ಮುಖಮುದ್ರೆಯೊಡನೆ ಮಡಿದ ಪೋಲೀಸು ಅಧಿಕಾರಿಯು ಅನ್ಯತ್ರ ದುರ್ಲಭ. ಕರ್ಣನು ಕವಚಕುಂಡಲಗಳೊಡನೆ ಹುಟ್ಟಿದರೆ ಈತನು ಹುದ್ದೆಯೊಡನೆಯೇ ಹುಟ್ಟಿದನೆಂದು ತಿಳಿಯಬೇಕು. ಈ ಪ್ರಕಟಣೆಯನ್ನು ಶಬ್ದಪ್ರಮಾಣವಾಗಿ ಸ್ವೀಕರಿಸಬಹುದೆ ಎಂಬುದು ಇಲ್ಲಿಯ ಮೊದಲ ವಾದಸ್ಥಾನ. ಇದ್ದದ್ದನ್ನು ಇದ್ದಂತೆ ಹೇಳುವವನೇ ಆಪ್ತನೆಂದೂ ಅವನ ವಾಕ್ಯವೇ ಪ್ರಮಾಣವೆಂದೂ ನೈಯಾಯಿಕರ ಮತ. ಪ್ರೇಕ್ಷಕರಾದರೋ ಇಲ್ಲಿ ಸರಿಯಾದ ಆಕ್ಷೇಪವನ್ನೇ ಎತ್ತಿದರು: ಕೊಲ್ಲಿಸಿದವರೂ ಶ್ರದ್ಧಾಂಜಲಿ ಹಾಕಿಸಿದವರೂ ಒಬ್ಬರೇ ಆಗಿರುವಾಗ ಆಪ್ತತ್ವವೆಲ್ಲಿ ಬಂತು? ಇಂಥ ಶ್ರದ್ಧಾಂಜಲಿಯು ಸ್ವಯಂ ಪ್ರದ್ಯುಮ್ನನ ಕೈಗೆ ಸಿಕ್ಕಿದ್ದರೆ, ಆತನು ಅದನ್ನು ಎರಡು ಸಲ ತಿರುವಿ ನೋಡಿ, ಬಲಗೈಯ ಬೆರಳುಗಳನ್ನು ಗಾಳಿಯಲ್ಲಿ ಹೊರಳಿಸುತ್ತ, “ಕುಛ್ ತೋ ಗಡಬಡ್ ಹೈ, ದಯಾ” ಎಂದೇ ಉದ್ಗರಿಸುತ್ತಿದ್ದನು. ತನ್ನ ಮರಣದ ತನಿಖೆಗೆ ತಾನೇ ಬೇಕಾಗುವಂಥ ಅಧಿಕಾರಿಯನ್ನು ಕೊಂದರೆ ಆಗುವ ಫಜೀತಿಯಿದು.

ಇನ್ನು ಪ್ರೇಕ್ಷಕರ ದುಃಖದ ಸ್ವರೂಪವೇನು? ಸಾವಿರಾರು ಮಂದಿ ಶೋಕಿಸಿದರಾದುದರಿಂದ ಕರುಣರಸವೇ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ, ಆದರೆ ಸ್ಥೂಲದೃಷ್ಟಿ. ಕರುಣವು ನಿರಪೇಕ್ಷವೆಂದೂ ವಿಪ್ರಲಂಭವು ಸಾಪೇಕ್ಷವೆಂದೂ, ಅಂದರೆ ಹೋದವರು ಮರಳಿ ಬರುವರೆಂಬ ಆಸೆಯು ಪೂರ್ತಿ ಕಡಿದುಹೋದರೆ ಕರುಣ, ಆಸೆಯ ಎಳೆಯೊಂದು ಉಳಿದಿದ್ದರೆ ವಿಪ್ರಲಂಭಶೃಂಗಾರವೆಂದೂ ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸ್ಪಷ್ಟವಾಗಿ ವಿಭಾಗಿಸಿದ್ದಾನೆ. ಸಿ.ಐ.ಡಿ.ಯ ಪ್ರೇಕ್ಷಕರಲ್ಲಿ ಅತ್ತವರಿಗಿಂತ ‘ಅವರನ್ನು ವಾಪಸು ಕರೆತನ್ನಿ’ ಎಂದು ಜಗಳಕ್ಕೆ ನಿಂತವರೇ ಹೆಚ್ಚು. ಬೇಡಿಕೆಯಿರುವಲ್ಲಿ ಅಪೇಕ್ಷೆಯಿದೆ, ಅಪೇಕ್ಷೆಯಿರುವಲ್ಲಿ ಕರುಣವಿಲ್ಲ. ಆದಕಾರಣ ಬೆಳಗಿನ ಲೋಕಲ್ ರೈಲಿಗೆ ಜೋತುಬಿದ್ದು ಕಚೇರಿಗೆ ಹೋಗುವ, ದಪ್ಪ ಮೀಸೆಯ, ಸಕ್ಕರೆ ಕಾಯಿಲೆಯ ಗುಮಾಸ್ತನೂ ಈ ಪ್ರಸಂಗದಲ್ಲಿ ಲಕ್ಷಣಗ್ರಂಥದ ವಿರಹೋತ್ಕಂಠಿತ ನಾಯಿಕೆಯೇ ಆಗುತ್ತಾನೆಂಬುದು ನಮ್ಮ ಸಿದ್ಧಾಂತ.

ಈ ಭೇದವು ಪುಸ್ತಕದ ಬದನೆಕಾಯಿಯಲ್ಲವೆಂಬುದಕ್ಕೆ ಒಂದು ನಿದರ್ಶನವುಂಟು. ಅದೇ ತಂಡದಲ್ಲಿ ಫ್ರೆಡರಿಕ್ಸ್ ಎಂಬ ಹಾಸ್ಯದ ಅಧಿಕಾರಿಯಾಗಿ ಎರಡು ದಶಕ ನಗಿಸಿದ ನಟ ದಿನೇಶ್ ಫಡ್ನೀಸರು 2023ರ ಡಿಸೆಂಬರಿನಲ್ಲಿ ನಿಜವಾಗಿಯೇ ತೀರಿಕೊಂಡರು. ಆಗ ಯಾರೂ ವಾಹಿನಿಯೊಡನೆ ಜಗಳಕ್ಕೆ ಹೋಗಲಿಲ್ಲ, ಯಾರೂ ಅವರನ್ನು ವಾಪಸು ಕೇಳಲಿಲ್ಲ. ಭರತನ ವಿಭಾಗವನ್ನು ಜನರು ಓದದೆಯೇ ಬಲ್ಲರು.

ನಾಯಕನನ್ನು ಕೊಲ್ಲಬಹುದೆ ಎಂಬುದು ಬೇರೆಯ ಪ್ರಶ್ನೆ. ಅಧಿಕಾರಿಯ, ಎಂದರೆ ಕಥಾಫಲಕ್ಕೆ ಒಡೆಯನಾದವನ, ವಧೆಯನ್ನು ಎಲ್ಲಿಯೂ ತೋರಕೂಡದೆಂದು ದಶರೂಪಕದ ಧನಂಜಯನು ನಿಷೇಧಿಸಿದ್ದಾನೆ, ಎ.ಸಿ.ಪಿ.ಯಾದರೋ ಎರಡೂ ಅರ್ಥದಲ್ಲಿ ಅಧಿಕಾರಿ. ಭಾಸನು ‘ಊರುಭಂಗ’ದಲ್ಲಿ ದುರ್ಯೋಧನನನ್ನು ರಂಗದ ಮೇಲೆಯೇ ಸಾಯಿಸಿದನೆಂದು ಪೂರ್ವಪಕ್ಷದವರು ಹೇಳಬಹುದು. ನಮ್ಮಲ್ಲಿಯೇ ಬಿ.ಎಂ. ಶ್ರೀಕಂಠಯ್ಯನವರು 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ, ಸೊಫೋಕ್ಲಿಸನ ಅಯಾಸನ ಕಥೆಯನ್ನು ಹಿಡಿದು, ಏಳು ಚಿರಂಜೀವಿಗಳಲ್ಲಿ ಒಬ್ಬನಿಗೇ ಮರಣವನ್ನು ವಿಧಿಸಿದರು. ಆದರೆ ಶ್ರೀಯವರ ಅಶ್ವತ್ಥಾಮನು ಆಮೇಲಿನ ವಾರ ಇನ್ನೊಂದು ಸಂಚಿಕೆಯಲ್ಲಿ ನಟಿಸಬೇಕಾಗಿರಲಿಲ್ಲ. ಗ್ರೀಕರಿಗೆ ವಿಧಿಯೆಂಬುದಿತ್ತು, ಧಾರಾವಾಹಿಗೆ ಇರುವುದು ಮುಂದಿನ ಶನಿವಾರ.

ಇಲ್ಲಿ ಡೊಂಬಿವಲಿಯಲ್ಲಿರುವ ನನ್ನ ಸೋದರತ್ತೆಯ ಮತವನ್ನು ಸವಿಸ್ತಾರವಾಗಿ ಪರಿಶೀಲಿಸಬೇಕು. ಆಕೆ ಉಡುಪಿಯ ಕಡೆಯ ಕಟಪಾಡಿಯವರು. ದಯಾನಂದ ಶೆಟ್ಟರು, ಎಂದರೆ ಬಾಗಿಲು ಮುರಿಯುವ ದಯಾ, ಅದೇ ಊರಿನವರಾದುದರಿಂದ ಇಡೀ ಧಾರಾವಾಹಿಯು ತಮ್ಮ ತವರಿನ ಆಸ್ತಿಯೆಂಬ ಭಾವನೆ ಅವರದು. ಆ ಹುಡುಗ ಹಿಂದೆ ಡಿಸ್ಕಸ್ ಎಸೆಯುತ್ತಿದ್ದವನೆಂದೂ, ಆದಕಾರಣವೇ ಒಂದೇ ಪೆಟ್ಟಿಗೆ ಬಾಗಿಲು ಬೀಳುವುದೆಂದೂ ನೆರೆಮನೆಯ ಮರಾಠಿಗರಿಗೆ ಅವರು ವಿವರಿಸುವುದುಂಟು. ಸಂಚಿಕೆ ಮುಗಿದ ಮರುದಿನ ನಾನು ಫೋನು ಮಾಡಿ ವಿಷಾದ ಸೂಚಿಸಲು, ಅತ್ತೆ ಹೇಳಿದರು:

“ಎಂತ ಸಾಯುದು ಮಾರಾಯ! ಅವ ಸತ್ತದ್ದಲ್ಲ, ರಜೆಯಲ್ಲಿ ಹೋದದ್ದು. ಆ ಪಾತ್ರ ಮಾಡುವ ಶಿವಾಜಿ ಸಾಟಮ್ ಮೊದಲು ಬ್ಯಾಂಕಿನಲ್ಲಿ ಇದ್ದವ ಅಲ್ವಾ? ಬ್ಯಾಂಕಿನವರು ಸಿಕ್ಕಿದ ರಜೆ ಬಿಡ್ತಾರಾ?”

“ಅಲ್ಲ ಅತ್ತೆ, ಬಾಂಬು ಸಿಡಿದದ್ದನ್ನು ನೀವೇ ನೋಡಿದ್ದೀರಲ್ಲ.”

“ನೋಡಿದೆ. ನೋಡಿದ್ದನ್ನೆಲ್ಲ ನಂಬ್ಲಿಕ್ಕೆ ನಾನೇನು ನಿನ್ನ ಮಾವನಾ?”

ಪಾಮರವೆಂದು ತೋರುವ ಈ ಮಾತಿನಲ್ಲಿ ಮೀಮಾಂಸಕರ ಅರ್ಥಾಪತ್ತಿ ಪ್ರಮಾಣವು ಅಂಗಾಂಗಸಹಿತವಾಗಿ ಅಡಗಿದೆ. ಬದುಕಿರುವ ದೇವದತ್ತನು ಮನೆಯಲ್ಲಿಲ್ಲವಾದರೆ ಹೊರಗೆ ಎಲ್ಲಿಯೋ ಇರಲೇಬೇಕು. ಇದು ಅವರ ಪ್ರಸಿದ್ಧ ಉದಾಹರಣೆ. ಪ್ರದ್ಯುಮ್ನನು ಕಚೇರಿಯಲ್ಲಿಲ್ಲ, ಆದುದರಿಂದ ರಜೆಯಲ್ಲಿದ್ದಾನೆ. ‘ದೇವದತ್ತನು ಬದುಕಿರುವುದೇ ಇಲ್ಲಿ ಸಿದ್ಧವಾಗಿಲ್ಲವಲ್ಲ’ ಎಂದು ನೈಯಾಯಿಕನು ಕೇಳಿಯಾನು. ಅತ್ತೆಗೆ ಅದು ಸಿದ್ಧವಾಗಿಯೇ ಇತ್ತು. ಇಪ್ಪತ್ತು ವರ್ಷ ಊಟದ ಹೊತ್ತಿಗೆ ತಪ್ಪದೆ ಮನೆಗೆ ಬಂದವನು ಹೇಳದೆ ಕೇಳದೆ ಸಾಯುವುದು ಅವರ ಅನುಭವಕ್ಕೆ ವಿರುದ್ಧ. ಆಶ್ಚರ್ಯವೆಂದರೆ, ಸ್ವಲ್ಪ ದಿನಗಳಲ್ಲಿಯೇ ಸಾಟಮರು ಪತ್ರಿಕೆಯವರೊಡನೆ ಮಾತನಾಡುತ್ತ, ತಾವು ವಿರಾಮ ಪಡೆದಿರುವುದಾಗಿಯೂ ಪಾತ್ರದ ಮುಂದಿನ ಗತಿಯನ್ನು ನಿರ್ಮಾಪಕರೇ ಬಲ್ಲರೆಂದೂ ತಿಳಿಸಿದರು. ಧಾರಾವಾಹಿಯ ವಿಧಿವಿಜ್ಞಾನತಜ್ಞನಾದ ಡಾಕ್ಟರ್ ಸಾಳುಂಕೆಯು ಬಣ್ಣಬಣ್ಣದ ನೀರು ತುಂಬಿದ ಗಾಜಿನ ಬುದ್ದಲಿಗಳ ಮುಂದೆ ನಿಂತು ಸಾಧಿಸಬೇಕಾದುದನ್ನು ಅತ್ತೆ ಹುರುಳಿಕಾಯಿ ಸೋಸುತ್ತ ಸಾಧಿಸಿದ್ದರು.

ಪೂರ್ವೋದಾಹರಣೆಗಳೂ ಅವರ ಪಕ್ಷದಲ್ಲಿಯೇ ಇವೆ. 1893ರ ಡಿಸೆಂಬರಿನಲ್ಲಿ ಕಾನನ್ ಡಾಯ್ಲನು ಷರ್ಲಾಕ್ ಹೋಮ್ಸನನ್ನು ರೈಖನ್‌ಬಾಖ್ ಜಲಪಾತದಲ್ಲಿ ಕಾಣೆಯಾಗಿಸಲು, ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯ 20,000 ಚಂದಾದಾರರು ಚಂದಾ ಬಿಟ್ಟರೆಂದು ಹೇಳುವ ವಾಡಿಕೆ. 1903ರಲ್ಲಿ ಹೋಮ್ಸನು ಬದುಕಿಯೇ ಬಂದನು. ಅದಕ್ಕೂ ಹಿಂದಿನ ಪ್ರಮಾಣ ಬೇಕಾದವರು ಭಾಗವತದ ದಶಮಸ್ಕಂಧವನ್ನು ತೆರೆಯಬೇಕು: ರುಕ್ಮಿಣಿಯ ಮಗನಾದ ಮೂಲ ಪ್ರದ್ಯುಮ್ನನನ್ನು ಶಂಬರಾಸುರನು ಹಸುಗೂಸಾಗಿದ್ದಾಗಲೇ ಕದ್ದು ಕಡಲಿಗೆಸೆಯಲು, ಮೀನೊಂದು ನುಂಗಿ, ಆ ಮೀನು ಬೆಸ್ತರ ಬಲೆಗೆ ಬಿದ್ದು, ಶಂಬರನ ಅಡಿಗೆಮನೆಗೇ ಬಂದು, ಹೊಟ್ಟೆ ಸೀಳಿದಾಗ ಮಗು ಸಜೀವವಾಗಿ ಹೊರಬಂದಿತು. ಬೆಳೆದು ಶಂಬರನನ್ನು ಕೊಂದು ದ್ವಾರಕೆಗೆ ಮರಳಿದವನ ಹೆಸರಿನವನು ಒಂದು ಬಾಂಬಿಗೆ ಹೆದರುವನೆ? ಬಾರ್ಬೋಸನು ಪುರಾಣವನ್ನು ಓದಿರಲಿಲ್ಲವೆಂದು ಹೇಳಬೇಕಾಗಿದೆ.

ನಡುವೆ ಪಾರ್ಥ್ ಸಮಥಾನರು ಎ.ಸಿ.ಪಿ. ಆಯುಷ್ಮಾನನಾಗಿ ಬಂದರು. ಅವರ ಬಗೆಗಿನ ಮತಗಳನ್ನು ವಿಸ್ತರಿಸುವುದಿಲ್ಲ. ಮಾವನ ಮನೆಯಲ್ಲಿ ಎರಡನೆಯ ಅಳಿಯನಿಗೆ ಎಂಥ ಸ್ವಾಗತ ಸಿಕ್ಕೀತೋ ಅಂಥದು ಸಿಕ್ಕಿತು.

ಕೆಲವು ವಾರಗಳ ಮೇಲೆ ಪ್ರದ್ಯುಮ್ನನು ತೆರೆಗೆ ಮರಳಿದನು. ವಿಪ್ರಲಂಭದ ಬಳಿಕ ಸಂಭೋಗಶೃಂಗಾರವು ಶಾಸ್ತ್ರಸಮ್ಮತವಾದುದರಿಂದ, ಹರ್ಷಾಶ್ರು ರೋಮಾಂಚಾದಿ ಸಾತ್ತ್ವಿಕಭಾವಗಳನ್ನು ದಾಖಲಿಸಿಕೊಳ್ಳುವ ಸಲುವಾಗಿ ನಾನು ಮತ್ತೆ ಡೊಂಬಿವಲಿಗೆ ಫೋನು ಮಾಡಿದೆ. ಅತ್ತೆ ಅಸಮಾಧಾನದಲ್ಲಿದ್ದರು. ಸತ್ತವನು ಬಂದ ರೀತಿ ಸ್ವಲ್ಪವೂ ನಂಬುವಂತಿಲ್ಲವಂತೆ. ಇಷ್ಟು ವರ್ಷ ನೋಡಿದವರನ್ನು ಇವರು ಏನೆಂದು ತಿಳಿದಿದ್ದಾರಂತೆ. ಅಷ್ಟರಲ್ಲಿ ರೈಲ್ವೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಮಾವನವರು ಫೋನನ್ನು ತೆಗೆದುಕೊಂಡು, ಸತ್ತಿದ್ದ ಅವಧಿಯನ್ನು ಇಲಾಖೆಯವರು ಗಳಿಕೆ ರಜೆಯೆಂದು ಹಿಡಿಯುತ್ತಾರೋ ಸಂಬಳರಹಿತ ರಜೆಯೆಂದು ಹಿಡಿಯುತ್ತಾರೋ, ಸೇವೆ ತುಂಡಾಯಿತೆಂದು ಪಿಂಚಣಿಗೆ ಕತ್ತರಿ ಹಾಕಿದರೆ ಆ ಮನುಷ್ಯ ಯಾರಿಗೆ ಅರ್ಜಿ ಬರೆಯಬೇಕು ಎಂದು ಕೇಳಿದರು.