ದುಡ್ಡು ಕೊಟ್ಟು ನಡೆಯುವವರು

ಇಂಗ್ಲೆಂಡಿನ ಡೆವನ್‌ಗೆ ರಜೆ ಕಳೆಯಲು ಬರುವವರಲ್ಲಿ ಬಸ್ಸಿದ್ದರೂ ನಡೆದೇ ಹೋಗುವವರದು ಒಂದು ಪಂಗಡ. ಅವರ ಪೆಟ್ಟಿಗೆ ವ್ಯಾನಿನಲ್ಲಿ ಆರಾಮಾಗಿ ಮುಂದಿನೂರಿನ ವಸತಿ ಸೇರಿರುತ್ತದೆ. ಯಜಮಾನರು ಸಂಜೆ ಏದುಸಿರು ಬಿಡುತ್ತ ತಲುಪುತ್ತಾರೆ.

ಕರಾವಳಿಯ ಕಾಲುದಾರಿ ಸವೆದದ್ದು ಕಳ್ಳಸಾಗಣೆದಾರರನ್ನು ಹಿಡಿಯುವ ಕಾವಲುಗಾರರಿಂದ. ಅವರು ಒಂದೊಂದು ಕೊಲ್ಲಿಗೂ ಇಣುಕಬೇಕಿತ್ತಲ್ಲ, ಹಾಗಾಗಿ ದಾರಿ ಇಳಿಯುತ್ತದೆ, ಹತ್ತುತ್ತದೆ, ಮತ್ತೆ ಇಳಿಯುತ್ತದೆ. ಸೋಮರ್ಸೆಟ್‌ನಿಂದ ಡಾರ್ಸೆಟ್‌ವರೆಗೆ 630 ಮೈಲಿ. ಕಳ್ಳರು ಹೋದರು, ಮಂಡಿನೋವು ಉಳಿಯಿತು.

ಒಳನಾಡಿನ ಡಾರ್ಟ್‌ಮೂರ್‌ನದು ಬೇರೆಯೇ ಕಥೆ. ಬೋಳು ಬಯಲು, ಗುಡ್ಡದ ನೆತ್ತಿಗೆ ಗ್ರಾನೈಟ್ ಬಂಡೆ, ಯಾರಿಗೂ ದಾರಿ ಬಿಡದ ಗಿಡ್ಡ ಕುದುರೆಗಳು. ಹಸಿರು ಹಾಸಿಗೆಯಂತಿರುವ ಪಾಚಿಯ ಮೇಲೆ ಕಾಲಿಟ್ಟಿರೋ, ಮೊಣಕಾಲುದ್ದ ಕೆಸರು! 1854ರಲ್ಲಿ ಒಬ್ಬ ದಾರಿತೋರುಗ ಕ್ರಾನ್‌ಮಿಯರ್ ಪೂಲ್ ಎಂಬಲ್ಲಿ ಬಾಟಲಿಯೊಂದನ್ನಿಟ್ಟು, ಬಂದವರು ವಿಸಿಟಿಂಗ್ ಕಾರ್ಡ್ ಹಾಕಿಹೋಗಲಿ ಎಂದ. ಈಗ ಬಯಲ ತುಂಬ ಬಚ್ಚಿಟ್ಟ ಡಬ್ಬಿಗಳು, ಒಳಗೊಂದು ರಬ್ಬರ್ ಸ್ಟಾಂಪು. ಅದನ್ನು ಪುಸ್ತಕಕ್ಕೆ ಒತ್ತಿಕೊಳ್ಳಲು ಮಳೆಯಲ್ಲಿ ಬಂಡೆಸಂದಿಗೆ ಕೈ ಹಾಕುವವರನ್ನು ನೆನೆದರೆ, ಯಾವ ಸರ್ಕಾರಿ ಕಚೇರಿಯೂ ಒಂದು ಮೊಹರಿಗೆ ಇಷ್ಟು ಅಲೆಸಿರಲಾರದು.

ಕರಗಿದ ಕೊಬ್ಬು ಸಂಜೆಯ ಸ್ಕೋನ್ ಎಂಬ ಬನ್ನಿನ ಜೊತೆ ವಾಪಸ್. ಡೆವನ್‌ನಲ್ಲಿ ಮೊದಲು ಕ್ರೀಮ್, ಮೇಲೆ ಜಾಮ್. ಪಕ್ಕದ ಕಾರ್ನ್‌ವಾಲ್‌ನಲ್ಲಿ ಉಲ್ಟಾ. ಕ್ರಮ ತಪ್ಪಿದರೆ ಪಕ್ಕದ ಮೇಜಿನ ಅಜ್ಜಿ ಕನ್ನಡಕ ಇಳಿಸಿ ನೋಡುತ್ತಾರೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಇಂಗ್ಲಿಷರಲ್ಲವೆ!